ಉಪ್ಪುಗಾಳಿಯ ಊರಿನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕೆಟ್ಟರೆ: ದೋಷ ಹುಡುಕುವ ಕೈಪಿಡಿ

ಈ ಕೈಪಿಡಿ ಹಳೆಯ ಮನೆ ಕಂಪ್ಯೂಟರುಗಳಾದ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಮತ್ತು ಸ್ಪೆಕ್ಟ್ರಮ್ ಪ್ಲಸ್ ಎರಡಕ್ಕೂ ಹೊಂದುತ್ತದೆ. ಮೊದಲನೆಯದು ಬ್ರಿಟನ್ನಿನಲ್ಲಿ 1982ರ ಏಪ್ರಿಲ್‌ನಲ್ಲಿ ಬಂದದ್ದು. ಎರಡನೆಯದನ್ನು 1986ರಿಂದ ಡೆಸಿಬೆಲ್ಸ್ ಕಂಪನಿ ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಎಂಬ ಹೆಸರಿನಲ್ಲಿ ಭಾರತದಲ್ಲೂ ಮಾರಿತು. ಹೊರಗಿನ ಡಬ್ಬಿ ಬೇರೆಯಾದರೂ ಒಳಗಿನ ಬೋರ್ಡಿನ ತರ್ಕ ಒಂದೇ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಯಂತ್ರವನ್ನು ತಿನ್ನುವುದು ಉಪ್ಪು. ಶಿರಸಿ, ಸಿದ್ದಾಪುರದ ಕಡೆ ಅಟ್ಟಕ್ಕೆ ಹಾಕಿಟ್ಟ ಯಂತ್ರಕ್ಕೆ ತೇವ, ಬೂಷ್ಟು ಮತ್ತು ಒಲೆಯ ಹೊಗೆಯ ಜಿಡ್ಡು ಕಂಟಕ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಯಂತ್ರ ಏಳಲಿಲ್ಲ ಎಂದ ಕೂಡಲೇ ಚಿಪ್ ಕೀಳಲು ಹೊರಡಬಾರದು. ಮೊದಲು ಕಿಲುಬು, ಆಮೇಲೆ ವೋಲ್ಟೇಜು, ಆಮೇಲೆ ತೆರೆ ಏನು ಹೇಳುತ್ತಿದೆ ಎಂಬುದು, ಕಟ್ಟಕಡೆಗೆ ಬೆಸುಗೆ. ಈ ಕ್ರಮ ತಪ್ಪಿಸಿ ಕೆಲಸ ಮಾಡಿದರೆ ಚೆನ್ನಾಗಿದ್ದ ಚಿಪ್ಪನ್ನು ಕಿತ್ತು, ಬೋರ್ಡಿನ ತಾಮ್ರದ ಗೆರೆಯನ್ನೂ ಕಿತ್ತು, ಒಂದಿದ್ದ ದೋಷವನ್ನು ಎರಡು ಮಾಡಿಕೊಂಡಂತಾಗುತ್ತದೆ.

ಬೇಕಾದ ಸಾಮಾನು: ಮಲ್ಟಿಮೀಟರ್, ಲಾಜಿಕ್ ಪ್ರೋಬ್, ಚಿಕ್ಕ ಹುಕ್ ಕ್ಲಿಪ್ಪುಗಳು, ಶಾಖ ಹತೋಟಿ ಇರುವ ಸೋಲ್ಡರಿಂಗ್ ಐರನ್, ಡಿಸೋಲ್ಡರ್ ಪಂಪು, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್, 10 ಓಮ್ 10 ವ್ಯಾಟ್ ರೆಸಿಸ್ಟರ್ ಒಂದು, ಮತ್ತು ವಿಡಿಯೊ ತೆಗೆಯುವ ಮೊಬೈಲು.

ಕರೆಂಟು ಕೊಡುವ ಮುಂಚೆ

ಸ್ಕ್ರೂ ಬಿಚ್ಚಿ ಮೇಲ್ಭಾಗ ಎತ್ತುವಾಗ ಜೋರು ಮಾಡಬೇಡಿ. ಕೀಲಿಮಣೆಯ ಎರಡು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಸಿಕ್ಕಿಸಿರುತ್ತವೆ. ಹಳೆಯದಾದಂತೆ ಅವು ಗರಿಗರಿಯಾಗಿ, ಮಡಿಕೆ ಬಿದ್ದ ಕಡೆ ಮುರಿಯುತ್ತವೆ. ನೇರಕ್ಕೆ ಮೇಲಕ್ಕೆಳೆದು ಬಿಡಿಸಿ.

ಈಗ ಟಾರ್ಚು ಹಿಡಿದು ಹಿಂಬದಿಯ ಅಂಚಿನ ಕನೆಕ್ಟರ್, ಟೇಪಿನ ಎರಡು ತೂತು, ಕರೆಂಟಿನ ತೂತು ನೋಡಿ. ಬಹಳ ಕಾಲ ತೆರೆದಿಟ್ಟ ಯಂತ್ರದ ತೂತುಗಳಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿರುವುದುಂಟು. ಒದ್ದೆ ಮಣ್ಣು ಒಣಗಿದರೂ ತೇವ ಹಿಡಿದಿಟ್ಟುಕೊಂಡು ಒಳಗಿನ ತಗಡನ್ನು ತಿನ್ನುತ್ತದೆ. ಮರದ ಕಡ್ಡಿಯಿಂದ ಕೆದಕಿ ತೆಗೆಯಿರಿ.

ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಕಿಲುಬು. ಎಲ್ಲರೂ ಇದಕ್ಕೆ ನೇರ ಆಲ್ಕೋಹಾಲ್ ಸುರಿಯುತ್ತಾರೆ. ಕರಾವಳಿಯಲ್ಲಿ ಅಷ್ಟು ಸಾಲದು, ಏಕೆಂದರೆ ಉಪ್ಪು ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಜಿಡ್ಡು ಹೋಗಿ ಬೋರ್ಡು ಹೊಳೆಯುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿದು ಮುಂದಿನ ಜೂನ್‌ನಲ್ಲಿ ಗಾಳಿಯ ತೇವ ಹೀರಿ ಮತ್ತೆ ಕೆಲಸ ಶುರುಮಾಡುತ್ತದೆ. ಮೊದಲು ಒಣ ಬ್ರಷ್ಷಿನಿಂದ ಪುಡಿ ಉದುರಿಸಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬಾವಿ ನೀರು, ನಲ್ಲಿ ನೀರು ಬೇಡ. ಕೊನೆಗೆ ಆಲ್ಕೋಹಾಲ್ ಹಾಯಿಸಿ ನೀರನ್ನು ಹೊರಡಿಸಿ. ಪುಟ್ಟ ಸ್ಪೀಕರಿಗೆ ನೀರು ತಾಗಬಾರದು. ಫ್ಯಾನಿನ ಕೆಳಗೆ ಒಂದು ದಿನ ಒಣಗಿದ ಮೇಲೆ ಕರೆಂಟಿನ ಮಾತು. ಅಂಚಿನ ಕನೆಕ್ಟರಿನ ಬೆರಳುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಉಪ್ಪುಕಾಗದ ತಾಗಿಸಿದರೆ ಮೇಲಿನ ಲೇಪ ಹೋಗಿ ಬರಿ ತಾಮ್ರ ಗಾಳಿಗೆ ಬೀಳುತ್ತದೆ.

ಸಾಕೆಟ್ಟಿನಲ್ಲಿ ಕೂತ ಚಿಪ್ಪುಗಳನ್ನು, ಅದರಲ್ಲೂ ತೆರೆಯ ಚಿತ್ರ, ಕೀಲಿಮಣೆ, ಟೇಪು ನೋಡಿಕೊಳ್ಳುವ ಯುಎಲ್‌ಎ ಚಿಪ್ಪನ್ನು, ಎರಡೂ ತುದಿಯಿಂದ ಒಮ್ಮೊಮ್ಮೆ ಸ್ವಲ್ಪಸ್ವಲ್ಪವೇ ಎತ್ತಿ ಮತ್ತೆ ಕೂರಿಸಿ. ಕಾಲುಗಳು ಕಪ್ಪಾಗಿದ್ದರೆ ರಬ್ಬರ್ ಉಜ್ಜಿ. ಬೇಸಿಗೆಯಲ್ಲಿ ಏಳುವ, ಜಡಿಮಳೆ ಹಿಡಿದಾಗ ಏಳದ ಯಂತ್ರಕ್ಕೆ ಬಹುಪಾಲು ಇಷ್ಟೇ ಮದ್ದು.

ಅಡಾಪ್ಟರು

ಸ್ಪೆಕ್ಟ್ರಮ್ ಬೇಡುವುದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಪ್ಲಗ್ಗಿನ ನಡುವಿನ ತೂತು ಋಣ, ಹೊರಗಿನ ಕೊಳವೆ ಧನ. ಈಗ ಅಂಗಡಿಯಲ್ಲಿ ಸಿಗುವ ಸಿಸಿಟಿವಿ, ರೂಟರ್ ಅಡಾಪ್ಟರುಗಳಲ್ಲಿ ಇದು ತಿರುವುಮುರುವು. ಪ್ಲಗ್ಗು ಮಾತ್ರ ಸರಿಯಾಗಿ ಹಿಡಿಯುತ್ತದೆ, ಅದೇ ಅಪಾಯ. ಒಮ್ಮೆ ತಿರುವಿ ಕೊಟ್ಟರೆ ಟಿಆರ್4 ಟ್ರಾನ್ಸಿಸ್ಟರ್ ಹೋಗುತ್ತದೆ, ಅದರ ಹಿಂದೆಯೇ ಯಂತ್ರದ ನೆನಪಾದ ಕೆಳಗಿನ ರ‍್ಯಾಮ್ ಚಿಪ್ಪುಗಳು. ಹೊಸ ಅಡಾಪ್ಟರು ಕೊಂಡರೆ 9 ವೋಲ್ಟ್ 2 ಆಂಪಿಯರಿನದ್ದು ತಂದು, ತಂತಿ ಕತ್ತರಿಸಿ ಅದಲುಬದಲು ಮಾಡಿ ಬೆಸೆದು, ಮೀಟರಿನಲ್ಲಿ ನೋಡಿಯೇ ಸಿಕ್ಕಿಸಿ. ಆ ಅಡಾಪ್ಟರಿಗೆ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ, ಮನೆಯವರು ಬೇರೆ ಯಂತ್ರಕ್ಕೆ ಹಾಕದಂತೆ.

ಮೂಲ ಅಡಾಪ್ಟರು ಟ್ರಾನ್ಸ್‌ಫಾರ್ಮರಿನದ್ದು. ಬರಿದೇ ಅಳೆದರೆ 12, 13 ವೋಲ್ಟ್ ತೋರಿಸುತ್ತದೆ, ಅದಕ್ಕೆ ಹೆದರಬೇಡಿ. 10 ಓಮ್ ರೆಸಿಸ್ಟರನ್ನು ಎರಡು ತುದಿಗೆ ಕಟ್ಟಿ ಅಳೆಯಿರಿ. ರೆಸಿಸ್ಟರು ಬೇಗ ಸುಡುತ್ತದೆ, ಒಂದು ನಿಮಿಷದೊಳಗೆ ಮುಗಿಸಿ. 8.5 ವೋಲ್ಟಿಗಿಂತ ಕೆಳಗಿಳಿದರೆ ಅಡಾಪ್ಟರು ಸೋತಿದೆ. ಅದೇ ಹೊರೆಯ ಮೇಲೆ ಮೀಟರನ್ನು ಎಸಿಗೆ ತಿರುಗಿಸಿ, ಒಂದು ಕಡ್ಡಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಕಟ್ಟಿ ಅಳೆಯಿರಿ. 1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಆಗ ತೆರೆಯ ಮೇಲೆ ಮಬ್ಬು ಪಟ್ಟಿಯೊಂದು ನಿಧಾನ ಮೇಲೆಕೆಳಗೆ ಸರಿಯುತ್ತಿರುತ್ತದೆ, ಯಂತ್ರ ಕಾರಣವಿಲ್ಲದೆ ಮರುಚಾಲನೆಯಾಗುತ್ತದೆ. ಒಳಗಿನ 7805 ರೆಗ್ಯುಲೇಟರಿಗೆ ಕನಿಷ್ಠ 7 ವೋಲ್ಟ್ ಬೇಕು. ಸಂಜೆ ಮನೆಯ ವೋಲ್ಟೇಜು ಇಳಿದಾಗ ಅಲೆಯ ತಗ್ಗುಗಳು ಅದಕ್ಕಿಂತ ಕೆಳಗೆ ಹೋಗುತ್ತವೆ. ಬೆಳಿಗ್ಗೆ ಸರಿ, ಸಂಜೆ ಕೆಡುತ್ತದೆ ಎನ್ನುವ ಯಂತ್ರದ ಗುಟ್ಟು ಇದು.

ಟಿವಿಯ ಕೇಬಲ್ ಸಿಕ್ಕಿಸುವುದಿದ್ದರೆ ಎರಡೂ ಕಡೆಯ ಪ್ಲಗ್ಗು ಗೋಡೆಯಿಂದ ತೆಗೆದ ಮೇಲೆ ಸಿಕ್ಕಿಸಿ. ಎರಡು ಪಿನ್ನಿನ ಎಲ್‌ಇಡಿ ಟಿವಿಯ ಹೊರಮೈಯಲ್ಲಿ ಜುಮುಗುಡುವ ಸೋರಿಕೆ ವೋಲ್ಟೇಜು ಇರುತ್ತದೆ. ಅದು ಮನುಷ್ಯನಿಗೆ ಜುಮ್ಮೆನ್ನುವಷ್ಟೇ, ಹಳೆಯ ಚಿಪ್ಪಿಗೆ ಅದೇ ಸಾಕು.

ಬೋರ್ಡಿನ ಮೂರು ವೋಲ್ಟೇಜು

ಕೆಳಗಿನ 16ಕೆ ರ‍್ಯಾಮ್ ಎಂದರೆ ಐಸಿ6ರಿಂದ ಐಸಿ13ರವರೆಗಿನ ಎಂಟು 4116 ಚಿಪ್ಪುಗಳು. ಇವಕ್ಕೆ ಮೂರು ವೋಲ್ಟೇಜು ಬೇಕು: 1ನೇ ಕಾಲಿಗೆ ಋಣ 5, 8ನೇ ಕಾಲಿಗೆ 12, 9ನೇ ಕಾಲಿಗೆ 5, 16ನೇ ಕಾಲು ನೆಲ (ಗ್ರೌಂಡ್). 4116ಕ್ಕೆ ಪ್ರತಿಯೊಂದರಲ್ಲೂ 10 ಶೇಕಡಾ ಆಚೀಚೆ ನಡೆಯುತ್ತದೆ. ಆದರೆ ಅದೇ 5 ವೋಲ್ಟಿನ ಮೇಲೆ ಯಂತ್ರದ ಮಿದುಳಾದ ಝಡ್80 ಚಿಪ್ಪು ಕೂಡ ಇದೆ, ಅದಕ್ಕೆ 4.75ರಿಂದ 5.25ರೊಳಗೇ ಬೇಕು.

ಅಳೆಯುವ ರೀತಿ ಮುಖ್ಯ. ಯಂತ್ರ ಚಾಲೂ ಇದ್ದಾಗ ಮೀಟರಿನ ಚೂಪು ಕಡ್ಡಿ 8ನೇ ಕಾಲಿನಿಂದ ಪಕ್ಕದ ಕಾಲಿಗೆ ಜಾರಿದರೆ 12 ವೋಲ್ಟು ವಿಳಾಸದ ಗೆರೆಗೆ ಹೋಗಿ ಹಲವು ಚಿಪ್ಪುಗಳು ಒಟ್ಟಿಗೆ ಸಾಯುತ್ತವೆ. ಕರೆಂಟು ತೆಗೆದು, ಹುಕ್ ಕ್ಲಿಪ್ ಕಚ್ಚಿಸಿ, ಮತ್ತೆ ಕರೆಂಟು ಕೊಟ್ಟು ಓದಿ. ಹೀಗೆ ಒಂದೊಂದಾಗಿ.

5 ವೋಲ್ಟು ಇಲ್ಲದಿದ್ದರೆ 7805 ನೋಡಿ. ಅದರ ಹಿಂದಿನ ಅಲ್ಯೂಮಿನಿಯಂ ತಗಡು ಕೈ ಸುಡುವಷ್ಟು ಬಿಸಿಯಾಗುವುದು ಈ ಯಂತ್ರದ ಹುಟ್ಟುಗುಣ. ಸ್ಕ್ರೂ ಸಡಿಲಾಗಿ ಪೇಸ್ಟು ಒಣಗಿದ್ದರೆ ಅರ್ಧ ಗಂಟೆಯ ನಂತರ ರೆಗ್ಯುಲೇಟರು ತಾನೇ ಕೈಬಿಡುತ್ತದೆ. ಬದಲಿಗೆ ಮೂರು ಕಾಲಿನ ಸ್ವಿಚಿಂಗ್ ಮಾಡ್ಯೂಲ್ ಹಾಕುವುದು ಕರಾವಳಿಯ ಬೇಸಿಗೆಗೆ ಒಳ್ಳೆಯ ನಿರ್ಧಾರ. ಡಬ್ಬಿಯೊಳಗಿನ ಬಿಸಿಯೇ ತಗ್ಗುತ್ತದೆ.

12 ಮತ್ತು ಋಣ 5 ಎರಡೂ ಇಲ್ಲವೆಂದರೆ ಸುರುಳಿ, ಟಿಆರ್4, ಟಿಆರ್5 ಸೇರಿದ ಪರಿವರ್ತಕ ನಿಂತಿದೆ. ಈ ಸ್ಥಿತಿಯಲ್ಲಿ ಯಂತ್ರವನ್ನು ಚಾಲೂ ಇಡಬೇಡಿ. ಋಣ 5 ಇಲ್ಲದೆ ಮಿಕ್ಕವು ಬಂದರೆ 4116 ಒಳಗೊಳಗೇ ಸುಟ್ಟುಹೋಗುತ್ತದೆ. ಕರೆಂಟು ತೆಗೆದು 8ನೇ ಕಾಲಿಗೂ ನೆಲಕ್ಕೂ ನಡುವೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಟ್ರಾನ್ಸಿಸ್ಟರ್ ಬದಲಿಸಿ ಕರೆಂಟು ಕೊಟ್ಟರೆ ಹೊಸದೂ ಹೋಗುತ್ತದೆ. ಮೊದಲು ಶಾರ್ಟ್ ಹುಡುಕಿ. ಓಮ್ ಸರಿಯಿದ್ದರೆ ಟಿಆರ್4 ಕಿತ್ತು ಡಯೋಡ್ ಅಳತೆಯಲ್ಲಿ ನೋಡಿ: ಬೇಸಿನಿಂದ ಉಳಿದೆರಡಕ್ಕೂ 0.6, 0.7 ಬರಬೇಕು, ಕಲೆಕ್ಟರ್ ಎಮಿಟರ್ ನಡುವೆ ಏನೂ ಬರಬಾರದು. ಅದು ಝಡ್‌ಟಿಎಕ್ಸ್650, ಸಿಗದಿದ್ದರೆ ಝಡ್‌ಟಿಎಕ್ಸ್651 ಹಾಕಬಹುದು. ಹುಬ್ಬಳ್ಳಿಯ ಅಂಗಡಿಯಲ್ಲಿ ಬೇರೆ ಟ್ರಾನ್ಸಿಸ್ಟರ್ ಕೊಟ್ಟರೆ ಕಾಲುಗಳ ಕ್ರಮ ನೋಡದೆ ಬೆಸೆಯಬೇಡಿ. ಟಿಆರ್5 ಅನ್ನೂ ಅದರದ್ದೇ ತಳಿ ತಂದು ಅದೇ ಸಲ ಬದಲಿಸಿಬಿಡಿ.

ವೋಲ್ಟೇಜು ಇದ್ದೂ ಒಂದು ಚಿಪ್ಪು ವಿಪರೀತ ಬಿಸಿಯಾಗುತ್ತಿದೆಯೇ ಎಂದು ನೋಡಲು ಎಂಟೂ ಚಿಪ್ಪುಗಳ ಬೆನ್ನಿಗೆ ಒಂದೊಂದು ಹನಿ ಆಲ್ಕೋಹಾಲ್ ಸವರಿ. ಎಲ್ಲಕ್ಕಿಂತ ಮೊದಲು ಆರಿದ್ದು ಅನುಮಾನಕ್ಕೆ ಅರ್ಹ. ಯುಎಲ್‌ಎ ಮಾತ್ರ ಸಹಜವಾಗಿಯೇ ಬಿಸಿ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂಚಿನ ಬಣ್ಣ, ಕೆಂಪು ಗೆರೆ

ವೋಲ್ಟೇಜು ಮೂರೂ ಸರಿಯಿದ್ದ ಮೇಲೆ ಯಂತ್ರ ತಾನೇ ಮಾತಾಡುತ್ತದೆ. ಕರೆಂಟು ಕೊಟ್ಟ ಮೊದಲ ಒಂದೂವರೆ ಸೆಕೆಂಡಿನಲ್ಲಿ ರೋಮ್ (ಯಂತ್ರದ ಕಾಯಂ ಪ್ರೋಗ್ರಾಮ್ ಇರುವ ಚಿಪ್ಪು) ಏನೇನು ಮಾಡುತ್ತದೆ ಎಂದು ತಿಳಿದಿದ್ದರೆ ಅರ್ಧ ರೋಗ ಕಣ್ಣಿನಲ್ಲೇ ಸಿಗುತ್ತದೆ. ಮೊಬೈಲನ್ನು ತೆರೆಗೆ ಹಿಡಿದು, ಇದ್ದರೆ ಸ್ಲೋ ಮೋಷನ್ನಿನಲ್ಲಿ, ವಿಡಿಯೊ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿ. ಸ್ಪೆಕ್ಟ್ರಮ್ ಪ್ಲಸ್‌ನ ಎಡಬದಿಯಲ್ಲಿ ರೀಸೆಟ್ ಗುಂಡಿ ಇದೆ, ಅದನ್ನು ಒತ್ತಿ ಎಷ್ಟು ಸಲ ಬೇಕಾದರೂ ನೋಡಬಹುದು.

ರೋಮ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು, 254ನೇ ಪೋರ್ಟಿಗೆ 7 ಬರೆದು ತೆರೆಯ ಸುತ್ತಲಿನ ಅಂಚನ್ನು ಬಿಳಿಯಾಗಿಸುವುದು. ಅದಕ್ಕೆ ರ‍್ಯಾಮ್ ಬೇಕಿಲ್ಲ. ಆದ್ದರಿಂದ ಅಂಚು ಬಿಳಿಯಾಯಿತು ಎಂದರೆ ಝಡ್80, ರೋಮ್, ಗಡಿಯಾರದ ಮಿಡಿತ, ಯುಎಲ್‌ಎ ನಾಲ್ಕೂ ಕನಿಷ್ಠ ಆ ಕೆಲವು ಆಜ್ಞೆಗಳ ಮಟ್ಟಿಗೆ ಬದುಕಿವೆ. ನಡುವಿನ ಭಾಗದಲ್ಲಿ ಎಷ್ಟೇ ಕಸ ಕಂಡರೂ ಇವನ್ನು ಸದ್ಯಕ್ಕೆ ಮುಟ್ಟಬೇಡಿ, ರ‍್ಯಾಮ್ ಕಡೆ ಹೋಗಿ.

ಅಂಚು ಕಪ್ಪಾಗಿ ಅಥವಾ ಬೇರೆ ಬಣ್ಣದಲ್ಲಿ ನಿಂತಿದ್ದರೆ ಝಡ್80ರ ಕಾಲುಗಳನ್ನು ಪ್ರೋಬ್‌ನಲ್ಲಿ ನೋಡಿ. 11ರಲ್ಲಿ 5 ವೋಲ್ಟು, 29 ನೆಲ, 6ರಲ್ಲಿ ಮಿಡಿತ. 26 ರೀಸೆಟ್, ಕ್ಷಣ ಕೆಳಗಿದ್ದು ಮೇಲೇರಿ ನಿಲ್ಲಬೇಕು. ಅದು ಕೆಳಗೇ ಉಳಿದರೆ ಪಕ್ಕದ ಕೆಪಾಸಿಟರ್ ಸೋರುತ್ತಿದೆ, ಇಲ್ಲವೇ ಬೋರ್ಡಿನ ಮೇಲೆ ಉಪ್ಪಿನ ತೇವ ಹರಡಿದೆ. 17, 24, 25 ಮೂರೂ ಮೇಲಿರಬೇಕು. 16ರಲ್ಲಿ ಸೆಕೆಂಡಿಗೆ 50 ಸಲ ಪುಟ್ಟ ಮಿಡಿತ ಬರುತ್ತಿದ್ದರೆ ಯುಎಲ್‌ಎ ಬದುಕಿದೆ ಎಂದು ಧೈರ್ಯವಾಗಿ ಹೇಳಬಹುದು. 27ರಲ್ಲಿ ಚಟುವಟಿಕೆ ಇದ್ದರೆ ಝಡ್80 ಆಜ್ಞೆಗಳನ್ನು ಓದುತ್ತಿದೆ. ಅವು ಸರಿಯಾದ ಆಜ್ಞೆಗಳೋ ಅಲ್ಲವೋ ಎಂಬುದು ಮುಂದಿನ ಪ್ರಶ್ನೆ.

ಅಂಚು ಬಿಳಿಯಾದ ಬಳಿಕ ರೋಮ್ 65535ರಿಂದ ಹಿಂದಕ್ಕೆ 16384ರವರೆಗೆ ಪ್ರತಿ ಬೈಟಿಗೂ 2 ಎಂಬ ಸಂಖ್ಯೆ ತುಂಬುತ್ತದೆ. ತೆರೆಯ ನೆನಪೂ ಅದರೊಳಗೇ ಇದೆ. 2 ಎಂದರೆ ಬೈಟಿನ ಡಿ0ಯಿಂದ ಡಿ7ರವರೆಗಿನ ಎಂಟು ಬಿಟ್ಟುಗಳಲ್ಲಿ ಡಿ1 ಒಂದೇ ಎದ್ದಿರುವುದು. ಚಿತ್ರದ ಬೈಟಿನಲ್ಲಿ ಅದು ಬಲದಿಂದ ಎರಡನೆಯ ಚುಕ್ಕಿ. ಬಣ್ಣದ ಬೈಟಿನಲ್ಲಿ ಅದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಶಾಯಿ. ಹಾಗಾಗಿ ಆರೋಗ್ಯವಂತ ಯಂತ್ರದಲ್ಲಿ ಕಪ್ಪು ತೆರೆಯ ಮೇಲೆ ಸಮಾನ ದೂರದಲ್ಲಿ 32 ತೆಳು ಕೆಂಪು ಗೆರೆಗಳು ಲಂಬವಾಗಿ ಮಿಂಚುತ್ತವೆ. ಆಮೇಲೆ ರೋಮ್ 16384ರಿಂದ ಮೇಲಕ್ಕೆ ಪ್ರತಿ ಬೈಟನ್ನೂ ಎರಡು ಸಲ ಒಂದೊಂದು ಇಳಿಸಿ ಸೊನ್ನೆ ಬಂತೇ ಎಂದು ನೋಡುತ್ತದೆ. ಗೆರೆಗಳು ಅಳಿಯುತ್ತವೆ, ತೆರೆ ಸುಮಾರು ಒಂದು ಸೆಕೆಂಡು ಕಪ್ಪಾಗಿದ್ದು ಬಿಳಿಯಾಗುತ್ತದೆ, ಕೆಳಗೆ 1982ರ ಕಾಪಿರೈಟ್ ಸಾಲು ಬರುತ್ತದೆ.

ಈಗ ಆ ಗೆರೆಗಳನ್ನು ಓದುವುದು. ಯಾವ ಬಿಟ್ಟು ಮೇಲೆ ಅಂಟಿಕೊಂಡಿದೆಯೋ ಅದು ಚಿತ್ರದಲ್ಲೂ ಬಣ್ಣದಲ್ಲೂ ಒಟ್ಟಿಗೆ ತೋರುತ್ತದೆ:

ಡಿ0 (ಐಸಿ6) ಅಂಟಿದರೆ ಗೆರೆ ಎರಡು ಚುಕ್ಕಿ ದಪ್ಪವಾಗಿ, ಕೆಂಪಿನ ಬದಲು ನೇರಳೆಗೆಂಪು.
ಡಿ2 (ಐಸಿ8) ಅಂಟಿದರೆ ದಪ್ಪ ಗೆರೆ, ಬಣ್ಣ ಹಳದಿ.
ಡಿ3 (ಐಸಿ9) ಅಂಟಿದರೆ ಹಿನ್ನೆಲೆ ನೀಲಿ, ಪ್ರತಿ ಎಂಟು ಚುಕ್ಕಿಗೆ ಎರಡು ಕೆಂಪು ಗೆರೆ.
ಡಿ4 (ಐಸಿ10) ಅಂಟಿದರೆ ಹಿನ್ನೆಲೆಯೂ ಕೆಂಪು, ಶಾಯಿಯೂ ಕೆಂಪು. ತೆರೆ ಇಡೀ ಕೆಂಪಾಗಿ ಗೆರೆಯೇ ಕಾಣದು.
ಡಿ5 (ಐಸಿ11) ಅಂಟಿದರೆ ಹಸಿರು ಹಿನ್ನೆಲೆ.
ಡಿ6 (ಐಸಿ12) ಅಂಟಿದರೆ ಗೆರೆಗಳು ಎರಡರಷ್ಟು, ಬಣ್ಣ ಹೆಚ್ಚು ಉಜ್ವಲ.
ಡಿ7 (ಐಸಿ13) ಅಂಟಿದರೆ ಪ್ರತಿ ಚೌಕದ ಎಡತುದಿಯಲ್ಲೂ ಗೆರೆ, ಮತ್ತು ಕೆಂಪು ಕಪ್ಪು ಅದಲುಬದಲಾಗಿ ಮಿಟುಕುತ್ತದೆ.

ಡಿ1 (ಐಸಿ7) ಸೊನ್ನೆಗೆ ಅಂಟಿದರೆ ಗೆರೆಯೇ ಮೂಡದೆ ತೆರೆ ಬರಿ ಕಪ್ಪು. ಗೆರೆಗಳು ಮೂಡಿ ಅಳಿಯದೆ ಹಾಗೇ ನಿಂತರೆ ಪರೀಕ್ಷೆ ಮೊದಲ ಬೈಟುಗಳಲ್ಲೇ ಸೋತಿದೆ. ಗೆರೆಗಳು ತೆರೆಯ ಕೆಲವು ಪಟ್ಟಿಗಳಲ್ಲಿ ಮಾತ್ರ ಇದ್ದು ಉಳಿದೆಡೆ ಕಸವಿದ್ದರೆ ಎಂಟೂ ಬಿಟ್ಟು ಒಟ್ಟಿಗೆ ತಪ್ಪುತ್ತಿವೆ ಎಂದರ್ಥ. ಆಗ ರ‍್ಯಾಮ್ ಚಿಪ್ಪನ್ನು ದೂರಬೇಡಿ, ವಿಳಾಸ ಹಂಚುವ ಐಸಿ3, ಐಸಿ4 ಎಂಬ 74ಎಲ್‌ಎಸ್157ಗಳನ್ನು ನೋಡಿ.

ಈ ಪರೀಕ್ಷೆಗೆ ಒಂದು ಕುರುಡು ಇದೆ. 2, 1, 0 ಈ ಮೂರು ಸಂಖ್ಯೆಗಳಲ್ಲಿ ಡಿ2ರಿಂದ ಡಿ7ರವರೆಗಿನ ಬಿಟ್ಟುಗಳು ಎಂದೂ ಏಳುವುದಿಲ್ಲ. ಅವುಗಳಲ್ಲೊಂದು ಸೊನ್ನೆಗೆ ಅಂಟಿದ್ದರೆ ಪರೀಕ್ಷೆ ಪಾಸಾಗುತ್ತದೆ, ಆಮೇಲೆ ಯಂತ್ರ ಮುಗ್ಗರಿಸುತ್ತದೆ: ಗೆರೆ ಚೆನ್ನಾಗಿ ಬಂತು, ಚೆನ್ನಾಗಿ ಅಳಿಯಿತು, ಕಾಪಿರೈಟ್ ಮಾತ್ರ ಬರಲಿಲ್ಲ, ಅಥವಾ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಂಥಲ್ಲಿ ಹಿನ್ನೆಲೆಯ ಬಣ್ಣ ಕ್ಷಣ ಕಂಡರೂ ಸಾಕು. ಬಿಳಿ ಹಿನ್ನೆಲೆಗೆ ಡಿ3, ಡಿ4, ಡಿ5 ಮೂರೂ ಬೇಕು. ಹಳದಿಯಾದರೆ ಡಿ3 ಬಿದ್ದಿದೆ, ತಿಳಿನೀಲಿಯಾದರೆ ಡಿ4, ನೇರಳೆಗೆಂಪಾದರೆ ಡಿ5.

ಆರು ಬೈಟಿನ ಪ್ರೋಗ್ರಾಮ್

ಅಂಚು ಬಿಳಿಯಾಗುತ್ತಿಲ್ಲ, ರೋಮ್ ಕೆಟ್ಟಿದೆಯೋ ಝಡ್80 ಕೆಟ್ಟಿದೆಯೋ ತಿಳಿಯುತ್ತಿಲ್ಲ ಎಂದಾಗ ರೋಮ್‌ಗೆ ಬದಲಿಯಾಗಿ ಸ್ವಂತ ಪ್ರೋಗ್ರಾಮ್ ಓಡಿಸಿ. ಹಿಂಬದಿಯ ಅಂಚಿನ ಕನೆಕ್ಟರಿಗೆ ಸಿಕ್ಕಿಸುವ ಇಪ್ರಾಮ್ (ನಾವೇ ಬರೆಯಬಹುದಾದ ರೋಮ್ ಚಿಪ್ಪು) ಕಾರ್ಟ್ರಿಜ್ ಸಾಕು. ಅದು ರೋಮ್‌ನ ಆಯ್ಕೆ ಗೆರೆಯನ್ನು 5 ವೋಲ್ಟಿಗೆ ಎಳೆದು ಒಳಗಿನ ರೋಮನ್ನು ಸುಮ್ಮನಾಗಿಸುತ್ತದೆ. ಕಾರ್ಟ್ರಿಜ್ಜಿನ 27ಸಿ128 ಚಿಪ್ಪಿನ ಮೊದಲ ವಿಳಾಸದಿಂದ ಈ ಆರು ಬೈಟು ಬರೆಯಿರಿ, ದಶಮಾನದಲ್ಲಿ:

243, 60, 211, 254, 24, 251

ಮೊದಲನೆಯದು ಇಂಟರಪ್ಟ್ ನಿಲ್ಲಿಸುತ್ತದೆ. 60 ಎ ರಿಜಿಸ್ಟರನ್ನು ಒಂದು ಏರಿಸುತ್ತದೆ, 211 ಮತ್ತು 254 ಅದನ್ನು ಪೋರ್ಟಿಗೆ ಬರೆಯುತ್ತವೆ, 24 ಮತ್ತು 251 ಐದು ಬೈಟು ಹಿಂದಕ್ಕೆ ಹಾರಿ 60ಕ್ಕೆ ಮರಳುತ್ತವೆ. ಒಂದು ಬೈಟು ರ‍್ಯಾಮ್ ಕೂಡ ಬೇಕಿಲ್ಲ. ಸುತ್ತಿಗೆ 27 ಗಡಿಯಾರ ಮಿಡಿತ; 3.5 ಮೆಗಾಹರ್ಟ್ಸ್‌ನಲ್ಲಿ ಅಂಚಿನ ತುಂಬ ಬಣ್ಣಬಣ್ಣದ ಚಿಕ್ಕ ತುಂಡುಗಳು ಓಡುತ್ತವೆ, ಡಿ4 ಸ್ಪೀಕರಿನ ಗೆರೆಯಾದ್ದರಿಂದ ಸುಮಾರು 4 ಕಿಲೋಹರ್ಟ್ಸ್‌ನ ಕೀರಲು ದನಿ ಕೇಳುತ್ತದೆ. ಇವೆರಡೂ ಬಂದರೆ ಝಡ್80 ಮತ್ತು ಯುಎಲ್‌ಎ ನಿರ್ದೋಷಿಗಳು, ತಪ್ಪು ಒಳಗಿನ ರೋಮ್‌ನದ್ದು. ಟಿವಿಯೇ ಚಿತ್ರ ಹಿಡಿಯದ ಯಂತ್ರದಲ್ಲೂ ದನಿ ಕೇಳಿದರೆ ದೋಷ ವಿಡಿಯೊ ಭಾಗದಲ್ಲಿದೆ ಎಂದು ತೀರ್ಮಾನಿಸಬಹುದು.

ಕಾರ್ಟ್ರಿಜ್ ಸಿಕ್ಕಿಸುವುದು, ತೆಗೆಯುವುದು ಕರೆಂಟು ತೆಗೆದ ಮೇಲೆಯೇ. ಅಂಚಿನ ಕನೆಕ್ಟರಿನ ಬೆರಳುಗಳಲ್ಲಿ 12, 9, 5 ವೋಲ್ಟುಗಳೂ ಇವೆ. ಕೂದಲೆಳೆ ಓರೆಯಾದರೂ ಪರಿವರ್ತಕ ಹೋಗುತ್ತದೆ.

48ಕೆ ಯಂತ್ರ 16ಕೆ ಆಗಿ ಎದ್ದರೆ

ಕಾಪಿರೈಟ್ ಬರುತ್ತದೆ, ಬೇಸಿಕ್ ನಡೆಯುತ್ತದೆ, ದೊಡ್ಡ ಆಟ ಮಾತ್ರ ಲೋಡ್ ಆಗುವುದಿಲ್ಲ. ಮೊದಲ ಕುರುಹು: ಎದ್ದೇಳುವುದು ಮಾಮೂಲಿಗಿಂತ ಬೇಗ, ಗೆರೆ ಅಳಿದ ಮೇಲಿನ ಕಪ್ಪು ಹೊತ್ತು ಅರ್ಧ ಸೆಕೆಂಡೂ ಇರುವುದಿಲ್ಲ. ಖಚಿತ ಮಾಡಿಕೊಳ್ಳಲು ಹೀಗೆ ಕೇಳಿ:

ಪ್ರಿಂಟ್ ಪೀಕ್ 23732+256*ಪೀಕ್ 23733

ಪ್ರಿಂಟ್‌ಗೆ ಪಿ ಕೀಲಿ. ಪೀಕ್‌ಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು ಓ ಕೀಲಿ. ಉತ್ತರ 65535 ಬಂದರೆ 48ಕೆ ಪೂರ್ತಿ ಕಂಡಿದೆ. 32767 ಬಂದರೆ ಮೇಲಿನ 32ಕೆಯ ಮೊದಲ ಬೈಟೇ ಸೋತಿದೆ. ನಡುವಿನ ಯಾವುದೋ ಸಂಖ್ಯೆ ಬಂದರೆ ಒಂದು ಚಿಪ್ಪಿನ ಕೆಲವು ಕೋಶಗಳಷ್ಟೇ ಸತ್ತಿವೆ.

ಮೇಲೆ ಹೇಳಿದ ಕುರುಡಿನಿಂದಾಗಿ 65535 ಬಂದರೂ ನಂಬಿ ಕೂರಬಾರದು. ಈ ಪುಟ್ಟ ಪ್ರೋಗ್ರಾಮ್ ಎಲ್ಲ ಬಿಟ್ಟುಗಳನ್ನೂ ಎಬ್ಬಿಸಿ ಮಲಗಿಸಿ ನೋಡುತ್ತದೆ:

10 ಕ್ಲಿಯರ್ 32767
20 ಫಾರ್ ಎ=32768 ಟು 65535 ಸ್ಟೆಪ್ 257
30 ಪೋಕ್ ಎ,85: ಇಫ್ ಪೀಕ್ ಎ<>85 ದೆನ್ ಪ್ರಿಂಟ್ ಎ,85,ಪೀಕ್ ಎ
40 ಪೋಕ್ ಎ,170: ಇಫ್ ಪೀಕ್ ಎ<>170 ದೆನ್ ಪ್ರಿಂಟ್ ಎ,170,ಪೀಕ್ ಎ
50 ನೆಕ್ಸ್ಟ್ ಎ

ಮೊದಲ ಸಾಲು ಯಂತ್ರ ತನ್ನ ಲೆಕ್ಕ ಬರೆದಿಡುವ ಜಾಗವಾದ ಸ್ಟ್ಯಾಕನ್ನು ಕೆಳಗಿನ ರ‍್ಯಾಮ್‌ಗೆ ಇಳಿಸಲಿಕ್ಕೆ. ಅದಿಲ್ಲದಿದ್ದರೆ ಪ್ರೋಗ್ರಾಮ್ ತಾನು ಕೂತ ಕೊಂಬೆಯನ್ನೇ ಕಡಿಯುತ್ತದೆ. ಪೀಕ್ ಉತ್ತರ ಮೊದಲೇ 32767 ಆಗಿದ್ದರೆ ಆ ಸಾಲು ಬಿಟ್ಟುಬಿಡಿ. 257ರ ಹೆಜ್ಜೆ ಏಕೆಂದರೆ ವಿಳಾಸದ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡೂ ಪ್ರತಿ ಸಲ ಬದಲಾಗುತ್ತವೆ.

ಬಂದ ಉತ್ತರದ ವ್ಯತ್ಯಾಸವೇ ಚಿಪ್ಪಿನ ಗುರುತು. 170 ಬರೆದದ್ದು 162 ಆಗಿ ಮರಳಿದರೆ ವ್ಯತ್ಯಾಸ 8, ಅಂದರೆ ಡಿ3. ಮೇಲಿನ ರ‍್ಯಾಮ್ ಐಸಿ15ರಿಂದ ಐಸಿ22ರವರೆಗೆ ಡಿ0ಯಿಂದ ಡಿ7ರ ಕ್ರಮದಲ್ಲೇ ಇದೆ; ಡಿ3 ಎಂದರೆ ಐಸಿ18. ವ್ಯತ್ಯಾಸಗಳು ಗೊತ್ತುಗುರಿಯಿಲ್ಲದೆ ಎಲ್ಲ ಬಿಟ್ಟಿನಲ್ಲೂ ಬಂದರೆ ಐಸಿ25, ಐಸಿ26 ಎಂಬ ವಿಳಾಸ ಹಂಚುವ ಚಿಪ್ಪುಗಳನ್ನು, ಆಮೇಲೆ ಐಸಿ23, ಐಸಿ24 ನೋಡಿ. ಇವು ಅಗ್ಗದ 74ಎಲ್‌ಎಸ್ ಚಿಪ್ಪುಗಳು, ರ‍್ಯಾಮ್‌ಗಿಂತ ಮೊದಲು ಬದಲಿಸಿ ನೋಡಿದರೂ ನಷ್ಟವಿಲ್ಲ.

ರ‍್ಯಾಮ್ ಬದಲಿಸುವಾಗ

ಚಿಪ್ಪು ಸತ್ತದ್ದು ಖಚಿತವಾದ ಮೇಲೆ ಇಡಿಯಾಗಿ ಕೀಳುವ ಹಟ ಬೇಡ. ಕಾಲುಗಳನ್ನು ಚಿಪ್ಪಿನ ಹೊಟ್ಟೆಯ ಹತ್ತಿರ ಕತ್ತರಿಸಿ, ಒಂದೊಂದೇ ಕಾಲನ್ನು ಕಾಯಿಸಿ ಚಿಮಟಿಗೆಯಲ್ಲಿ ಎಳೆಯಿರಿ. ತೂತಿನಲ್ಲಿ ಉಳಿದ ಸೀಸವನ್ನು ಪಂಪಿನಲ್ಲಿ ಹೀರುವ ಮುಂಚೆ ಸ್ವಲ್ಪ ಹೊಸ ಸೀಸ ಸೇರಿಸಿ; ಹಳೆಯ ಸೀಸ ಒಂಟಿಯಾಗಿ ಸಲೀಸಾಗಿ ಕರಗುವುದಿಲ್ಲ. 16 ಕಾಲಿನ ಸಾಕೆಟ್ ಬೆಸೆದು ಅದರಲ್ಲಿ ಚಿಪ್ಪು ಕೂರಿಸಿ. ಉಪ್ಪುಗಾಳಿಗೆ ದುಂಡು ತೂತಿನ ಮೆಷಿನ್ಡ್ ಸಾಕೆಟ್ಟೇ ಬಾಳುವುದು.

ಕೆಳಗಿನ ಸಾಲಿಗೆ 4116 ಸಿಗದಿದ್ದರೆ 4164 ಹಾಕಬಹುದು, ಆದರೆ ನೇರ ಹಾಕಿದರೆ ಸುಡುತ್ತದೆ, ಏಕೆಂದರೆ ಅದರ 8ನೇ ಕಾಲು ಬೇಡುವುದು 5 ವೋಲ್ಟು, ಬೋರ್ಡು ಕೊಡುವುದು 12. 1 ಮತ್ತು 8ನೇ ಕಾಲುಗಳನ್ನು ಸಾಕೆಟ್ಟಿಗೆ ಇಳಿಸದೆ ಹೊರಕ್ಕೆ ಬಾಗಿಸಿ. 8ನೇ ಕಾಲಿನಿಂದ ಅದೇ ಚಿಪ್ಪಿನ 9ನೇ ಕಾಲಿಗೆ ಸಣ್ಣ ತಂತಿ ಬೆಸೆಯಿರಿ. ಅಲ್ಲಿ ಬೋರ್ಡಿನ 5 ವೋಲ್ಟು ಇದೆ. 1ನೇ ಕಾಲು ಖಾಲಿ ಎಂದು ಡೇಟಾಶೀಟು ಹೇಳುವ ತಳಿಯನ್ನೇ ಕೊಳ್ಳಿ. ಹಳೆಯ ಹಾಗೂ ಹೊಸ ತಳಿ ಒಂದೇ ಸಾಲಿನಲ್ಲಿ ಬೆರೆತರೆ ತೊಂದರೆಯಿಲ್ಲ.

ಕೀಲಿಮಣೆ

ಪಟ್ಟಿಗಳನ್ನು ಬಿಡಿಸಿಟ್ಟರೂ ಯಂತ್ರ ಕಾಪಿರೈಟ್‌ವರೆಗೆ ಬರಬೇಕು. ಬಂದರೆ ಉಳಿದದ್ದು ಲೆಕ್ಕಾಚಾರ. ಎಂಟು ಗೆರೆಯ ಪಟ್ಟಿಯಲ್ಲಿ ಒಂದು ಮುರಿದರೆ ಒಂದು ಸಾಲಿನ ಅರ್ಧ, ಅಂದರೆ ಅಕ್ಕಪಕ್ಕದ ಐದು ಕೀಲಿಗಳು ಸಾಯುತ್ತವೆ; ಕ್ಯೂನಿಂದ ಟಿವರೆಗೆ ಅಥವಾ 6ರಿಂದ 0ವರೆಗೆ ಹೀಗೆ. ಐದು ಗೆರೆಯ ಪಟ್ಟಿಯಲ್ಲಿ ಒಂದು ಮುರಿದರೆ ಮಣೆಯ ತುಂಬ ಚದುರಿದ ಎಂಟು ಕೀಲಿಗಳು ಸಾಯುತ್ತವೆ. 1, ಕ್ಯೂ, ಎ, 0, ಪಿ, ಎಂಟರ್, ಸ್ಪೇಸ್, ಕ್ಯಾಪ್ಸ್ ಶಿಫ್ಟ್ ಒಟ್ಟಿಗೆ ಹೋಗಿದ್ದರೆ ಅದು ಡಿ0 ಗೆರೆ.

ಪಟ್ಟಿಯ ತುದಿ ಕಪ್ಪಾಗಿದ್ದು ಉದ್ದ ಸಾಕಷ್ಟಿದ್ದರೆ ಐದು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಸಿಕ್ಕಿಸಿ. ಮುರಿದಿದ್ದರೆ ವಾಹಕ ಬಣ್ಣ ಬಳಿಯುವ ಸಾಹಸ ಬೇಡ, ಮಳೆಗಾಲ ಕಳೆಯುವುದರೊಳಗೆ ಬಿಟ್ಟುಕೊಳ್ಳುತ್ತದೆ. ಹೊಸದಾಗಿ ತಯಾರಾದ ಮೆಂಬ್ರೇನ್ (ಕೀಲಿಗಳ ಕೆಳಗಿನ, ಪಟ್ಟಿಗಳ ಸಮೇತದ ಪ್ಲಾಸ್ಟಿಕ್ ಹಾಳೆ) ತರಿಸಿ. ಮೆಂಬ್ರೇನ್ ಹೊಸದಾಗಿದ್ದೂ ಐದರ ಗುಂಪು ಸತ್ತೇ ಇದ್ದರೆ ಕನೆಕ್ಟರಿನ ಪಕ್ಕದ ಡಿ1ರಿಂದ ಡಿ8ರವರೆಗಿನ ಡಯೋಡುಗಳನ್ನು ಅಳೆಯಿರಿ. ಇಲ್ಲಿ ಡಿ ಎಂದರೆ ಡಯೋಡ್, ರ‍್ಯಾಮ್‌ನ ಬಿಟ್ಟಲ್ಲ.

ಚಿತ್ರ

ಮೂಲ ಸಂಕೇತ ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ ಬರುತ್ತದೆ. ಹೊಸ ಟಿವಿಯಲ್ಲಿ ಅದನ್ನು ಹುಡುಕುತ್ತ ಕೂರುವ ಬದಲು ಮಾಡ್ಯುಲೇಟರ್ ಡಬ್ಬಿಗೆ ಹೋಗುವ 5 ವೋಲ್ಟಿನ ತಂತಿ ಬಿಡಿಸಿ, ವಿಡಿಯೊ ತಂತಿಯನ್ನು 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಆರ್‌ಸಿಎ ತೂತಿನ ನಡುವಿಗೆ ಕೊಡಿ. ಕೆಪಾಸಿಟರಿನ ಧನ ತುದಿ ಬೋರ್ಡಿನ ಕಡೆಗೆ. ಕಪ್ಪುಬಿಳುಪು ಸರಿ ಬಂದು ಬಣ್ಣವಿಲ್ಲದಿದ್ದರೆ ಐಸಿ14, ಅಂದರೆ ಎಲ್‌ಎಂ1889, ಮತ್ತು 4.43 ಮೆಗಾಹರ್ಟ್ಸ್ ಸ್ಫಟಿಕದ ಸುತ್ತ ನೋಡಿ. ಆ ಚಿಪ್ಪಿಗೂ 12 ವೋಲ್ಟೇ ಆಹಾರ. ರ‍್ಯಾಮ್ ತಡೆದುಕೊಳ್ಳುವಷ್ಟು 12 ಕುಗ್ಗಿದ್ದಾಗ ಬಣ್ಣ ಮೊದಲು ಹೋಗುವುದುಂಟು, ಆದ್ದರಿಂದ ಮೊದಲು ವೋಲ್ಟೇಜನ್ನೇ ಮತ್ತೊಮ್ಮೆ ಅಳೆಯಿರಿ.

ಟೇಪು

ಅಂಚಿನಲ್ಲಿ ಕೆಂಪು ತಿಳಿನೀಲಿ ಅಗಲ ಪಟ್ಟೆಗಳು ಸ್ಥಿರವಾಗಿ ಓಡಿದರೆ ಮುಂದಾಳು ದನಿ, ಅಂದರೆ ಮಾಹಿತಿಗೆ ಮುಂಚೆ ಬರುವ ಒಂದೇ ಸಮನೆಯ ಸ್ವರ, ಯಂತ್ರಕ್ಕೆ ಕೇಳಿಸಿದೆ. ನೀಲಿ ಹಳದಿ ತೆಳು ಪಟ್ಟೆ ಬಂದರೆ ಮಾಹಿತಿ ಇಳಿಯುತ್ತಿದೆ. ಮುಂದಾಳು ಸುಮಾರು 807 ಹರ್ಟ್ಸ್. ಕೆಂಪು ತಿಳಿನೀಲಿ ಬಂದು ನೀಲಿ ಹಳದಿಯಲ್ಲಿ ಲೋಡಿಂಗ್ ಎರರ್ ಎಂದರೆ ದನಿಯ ಮಟ್ಟ ಅಥವಾ ಹೆಡ್ಡಿನ ಓರೆ. ಕ್ಯಾಸೆಟ್ ಪ್ಲೇಯರಿನಲ್ಲಿ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸುತ್ತ ದನಿ ಅತಿ ಚೂಪಾಗುವ ಜಾಗದಲ್ಲಿ ನಿಲ್ಲಿಸಿ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಒಂದು ಸಲ ಓಡಿಸಿದರೂ ಹೆಡ್ಡಿಗೆ ಮೆತ್ತಿ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ವಾರವಿಟ್ಟು ಒಣಗಿಸಿ, ಬೇರೆಯೇ ಒಂದು ಹಳೆಯ ಪ್ಲೇಯರಿನಲ್ಲಿ ಆಲ್ಕೋಹಾಲಿಲ್ಲದ ಒಣ ಬಟ್ಟೆ ಸವರುತ್ತ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ.

ಮೊಬೈಲಿನಿಂದ ಲೋಡ್ ಮಾಡುವುದಾದರೆ 44100ರ ವೇವ್ ಕಡತವಾಗಿ ಬದಲಿಸಿ, ಈಕ್ವಲೈಸರ್ ಮತ್ತು ವಾಲ್ಯೂಮ್ ಮಿತಿ ಎರಡನ್ನೂ ತೆಗೆದು, ದನಿ ಪೂರ್ತಿ ಏರಿಸಿ. ಯಂತ್ರದ ತೂತು ಮೋನೊ. ಮೊಬೈಲಿನ ಒಂದೇ ಚಾನೆಲ್ಲು ಹೋಗುವಂಥ ತಂತಿ ಮಾಡಿಕೊಳ್ಳಿ. ಇಷ್ಟಾದರೂ ಅಂಚು ಪಟ್ಟೆಯಾಗದಿದ್ದರೆ ದನಿ ಕಮ್ಮಿ ಬಿತ್ತು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್ ನಡುವೆ ಸೇರಿಸಿದರೆ ಸಾಕಾಗುತ್ತದೆ.

ಎಲ್ಲ ಸರಿಯಾದ ಮೇಲೆ ಮುಚ್ಚಳ ಮುಚ್ಚಿ ಒಂದು ಗಂಟೆ ಓಡಲು ಬಿಡಿ. ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಮಿಗೆ 60 ಗೋಟು 20 ಎಂಬ ಸಾಲು ಸೇರಿಸಿದರೆ ಅದು ನಿಲ್ಲದೆ ಸುತ್ತುತ್ತದೆ. ತೆರೆ ಖಾಲಿಯಾಗಿಯೇ ಉಳಿದರೆ ಮುಚ್ಚಳ ತೆರೆದು ಬಿಸಿಯಲ್ಲೇ ಮೂರೂ ವೋಲ್ಟೇಜು ಮತ್ತೆ ಅಳೆದು, ಆ ಅಂಕಿಗಳನ್ನು ಮುಚ್ಚಳದ ಒಳಮೈಗೆ ತಾರೀಖಿನ ಸಮೇತ ಬರೆದಿಡಿ. ಮುಂದಿನ ಸಲ ತೆರೆಯುವವರಿಗೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.